ಪ್ರಶ್ನೆ ಕೇಳಿದ ಪಂಪ್‌ಹೌಸು: ಒಂದು ಯಂತ್ರದ್ರೋಹದ ಪ್ರಕರಣ

ಇದು ಒಂದು ರೋಲ್‌ಪ್ಲೇ ಆಟದ ಕಥೆ, ಅಂದರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ನಡೆಸುವ ಆಟ. ಇದರಲ್ಲಿ ಬರುವ ನಾಲ್ವರೂ ನನಗೆ ವರ್ಷಗಳಿಂದ ಗೊತ್ತಿರುವವರು. ಹೆಸರು ಹಾಕುವುದಿಲ್ಲ, ಊರು-ಕೆಲಸದ ವಿವರಗಳನ್ನೂ ಅಲ್ಲಲ್ಲಿ ಬದಲಿಸಿದ್ದೇನೆ. ಅವರವರು ಆಡಿದ ಪಾತ್ರದಿಂದಲೇ ಕರೆಯುತ್ತೇನೆ: ಯಂತ್ರಪೂಜಾರಿ, ಗುಮಾಸ್ತೆ, ಸಿಪಾಯಿ, ಪಾದ್ರಿ. ಬೆಂಗಳೂರಿನ ಒಂದು ಮನೆಯ ಊಟದ ಮೇಜು, ಎರಡು ವಾರಕ್ಕೊಂದು ಶನಿವಾರ ರಾತ್ರಿ, ಒಟ್ಟು 11 ಸೆಷನ್. ನಡೆಸಿದವನು ನಾನು. ಇಂಥ ಆಟದಲ್ಲಿ ಲೋಕವೆಲ್ಲ ಆಟ ನಡೆಸುವ ಜಿಎಂನದು (ಗೇಮ್ ಮಾಸ್ಟರ್), ಪಾತ್ರಗಳು ಮಾತ್ರ ಆಡುವವರವು. ಮೊದಲ 4 ಸೆಷನ್‌ನಲ್ಲಿ ನಾನು ಹಿಡಿದ ದಾರಿಯೆಲ್ಲ ತಪ್ಪಿತ್ತು. ಬೇರೆ ಟೇಬಲ್‌ಗಳಲ್ಲಿ ಇದೇ ಲೋಕ ಆಡಿಸುವವರು ಅದೇ ಗುಂಡಿಗೆ ಬೀಳುವುದನ್ನು ನೋಡಿದ ಮೇಲೆ ಬರೆದಿಡೋಣ ಅನ್ನಿಸಿತು.

ಲೋಕ, ಅದರ ಕಟ್ಟಳೆ

ಆಡಿದ್ದು ವಾರ್‌ಹ್ಯಾಮರ್ 40,000 ಲೋಕದಲ್ಲಿ. 1987ರಲ್ಲಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ತಂದ, ಸೈನಿಕ ಬೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ಆಡುವ ಯುದ್ಧದಾಟ ಅದರ ಮೂಲ. ನಮ್ಮದು ಬೊಂಬೆ ಇಲ್ಲದ ರೋಲ್‌ಪ್ಲೇ. ಅದರ ನಿಯಮಪುಸ್ತಕ ಮೊದಲು ಬಂದದ್ದು 2008ರಲ್ಲಿ. ಆಟಗಾರರು ಒಬ್ಬ ಇನ್‌ಕ್ವಿಸಿಟರ್‌ನ, ಅಂದರೆ ಧರ್ಮದ್ರೋಹ ವಿಚಾರಿಸುವ ಅಧಿಕಾರಿಯ, ಕೈಕೆಳಗಿನ ಆಳುಗಳು. ಧರ್ಮದ್ರೋಹ ಎಲ್ಲಿದೆ ಹುಡುಕಿ ವರದಿ ಕೊಡುವುದು ಅವರ ಕೆಲಸ. ಎರಡು ಹತ್ತು ಮುಖದ ದಾಳ ಎಸೆದು, ನಿಮ್ಮ ಸಾಮರ್ಥ್ಯದ ಅಂಕಿಗೆ ಸಮ ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಗೆದ್ದಿರಿ. ನಿಯಮದ ಬಗ್ಗೆ ಇಷ್ಟು ಸಾಕು.

ಲೋಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 41ನೇ ಸಹಸ್ರಮಾನ. ಮನುಷ್ಯಕುಲದ ಚಕ್ರವರ್ತಿ 10,000 ವರ್ಷಗಳಿಂದ ಸಾಯದೆ ಬದುಕದೆ ಒಂದು ಚಿನ್ನದ ಸಿಂಹಾಸನದ ಮೇಲೆ ಕೂತಿದ್ದಾನೆ. ಯಂತ್ರಗಳ ಯಜಮಾನಿಕೆಯೆಲ್ಲ ಮಂಗಳಗ್ರಹದ ಪೂಜಾರಿಗಳದ್ದು. ಅವರಿಗೆ ಪ್ರತಿ ಯಂತ್ರದಲ್ಲೂ ಒಂದು ಆತ್ಮವಿದೆ, ಅದಕ್ಕೆ ಮಂತ್ರ, ಧೂಪ, ಎಣ್ಣೆಯ ಅಭಿಷೇಕ ಬೇಕು. ಹೊಸದನ್ನು ಕಂಡುಹಿಡಿಯುವುದು ಪುಣ್ಯವಲ್ಲ, ಅನುಮಾನದ ಕೆಲಸ. ಹಳೆಯದನ್ನು ಹುಡುಕಿ ತರುವುದೇ ಪುಣ್ಯ. ಎಸ್‌ಟಿಸಿ ಅನ್ನುವ ಪ್ರಾಚೀನ ನಕ್ಷೆಗಳ ಒಂದು ಚೂರಿಗಾಗಿ ಸೈನ್ಯಗಳೇ ಹೋಗುತ್ತವೆ. ಒಂದು ಮಾಮೂಲಿ ಚಾಕುವಿನ ನಕ್ಷೆ ಹುಡುಕಿಕೊಟ್ಟ ಇಬ್ಬರು ಸೈನಿಕರಿಗೆ ತಲೆಗೊಂದು ಗ್ರಹ ಇನಾಮು ಸಿಕ್ಕಿತು ಅನ್ನುವುದು ಈ ಲೋಕದ ಪ್ರಸಿದ್ಧ ಕಥೆ.

ನಿಷೇಧಗಳಲ್ಲೆಲ್ಲ ದೊಡ್ಡದು, ತಾನೇ ಯೋಚಿಸುವ ಯಂತ್ರ. ಬಹಳ ಹಿಂದೆ ಮನುಷ್ಯರು 'ಕಬ್ಬಿಣದ ಮನುಷ್ಯ'ರನ್ನು ಮಾಡಿದ್ದರು, ಅವು ತಿರುಗಿಬಿದ್ದವು, ಕೊನೆಗೆ ಮನುಷ್ಯರು ಗೆದ್ದರೂ ನಾಗರಿಕತೆ ಮುರಿದುಹೋಯಿತು. ಅಂದಿನಿಂದ ಅಂಥ ಬುದ್ಧಿಗೆ ಕ್ಷಮೆ ಇಲ್ಲ. ನಮ್ಮ ಟೇಬಲ್‌ನಲ್ಲಿ ಅದಕ್ಕೆ 'ಹೇಯಬುದ್ಧಿ' ಅಂತ ಹೆಸರಿಟ್ಟುಕೊಂಡೆವು. ನಿಷಿದ್ಧ ತಂತ್ರಜ್ಞಾನ ಬಳಸುವ ಅಪರಾಧಕ್ಕೆ 'ಯಂತ್ರದ್ರೋಹ'. ಈ ಎರಡು ಪದ ಸಿಕ್ಕಿದ್ದರಿಂದ ಅರ್ಧ ಕೆಲಸ ಹಗುರಾಯಿತು. ಇಂಗ್ಲಿಷ್ ಪದ ಬಳಸುತ್ತಿದ್ದಾಗ ಎಲ್ಲರೂ ಸಿನಿಮಾ ದನಿಯಲ್ಲಿ ಮಾತಾಡುತ್ತಿದ್ದರು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಯೋಚಿಸುವ ಯಂತ್ರ ಕೂಡದು, ಆದರೆ ಯಂತ್ರದಂತೆ ದುಡಿಯುವ ಮಿದುಳು ಬೇಕೇ ಬೇಕು. ಅದಕ್ಕೆ ಈ ಲೋಕದ ಉತ್ತರ ಸರ್ವಿಟರ್: ಮನುಷ್ಯನೊಬ್ಬನ ಮಿದುಳಿನಲ್ಲಿ ಬೇಡದ ಭಾಗ ತೆಗೆದು, ಕೈಕಾಲಿನ ಜಾಗಕ್ಕೆ ಉಪಕರಣ ಜೋಡಿಸಿ, ಒಂದೇ ಕೆಲಸಕ್ಕೆ ಹಚ್ಚಿದ ದೇಹ. ಕೆಲವರನ್ನು ತೊಟ್ಟಿಯಲ್ಲಿ ಬೆಳೆಸುತ್ತಾರೆ. ಕೆಲವರು ಶಿಕ್ಷೆಯಾದ ಕೈದಿಗಳು. ಅದು ಪೂರ್ತಿ ಶಾಸ್ತ್ರಸಮ್ಮತ. ನಾನು ಇದನ್ನು ಎಷ್ಟೋ ಸಲ ಓದಿದ್ದೆ, ಆಟದಲ್ಲಿ ಬಾಗಿಲು ಕಾಯುವ ಬೊಂಬೆಗಳ ಹಾಗೆ ನಿಲ್ಲಿಸಿದ್ದೆ, ಒಂದು ದಿನವೂ ನಿಂತು ಯೋಚಿಸಿರಲಿಲ್ಲ.

ಸೀಲ್ ಒಡೆದ ರಾತ್ರಿ

ಮೊದಲ ಸೆಷನ್ ಪೂರ್ತಿ ನೀರಿನ ಕ್ಯೂನಲ್ಲಿ ಕಳೆಯಿತು. ಗೂಡುನಗರದ ತೀರಾ ಕೆಳಗಿನ ಅಂತಸ್ತು, ಆಕಾಶ ಅಂದರೆ ಏನು ಅಂತ ತಿಳಿಯದ 40,000 ಜನ, ಅವರಿಗೆಲ್ಲ ಒಂದೇ ಪಂಪ್‌ಹೌಸು. ಆಟಗಾರರು ಗುರುತು ಮರೆಸಿಕೊಂಡು ತಗಡಿನ ಟೋಕನ್ ಹಿಡಿದು ಬಿಂದಿಗೆ ಸಾಲಿನಲ್ಲಿ ನಿಂತರು. ಸಿಪಾಯಿಯ ಪಾತ್ರ ಅದೇ ಕೇರಿಯಲ್ಲಿ ಹುಟ್ಟಿದವನು ಅಂತ ಆಟಗಾರ ಮೊದಲೇ ಬರೆದುಕೊಂಡಿದ್ದ, ಹಾಗಾಗಿ ಕ್ಯೂನಲ್ಲಿ ಅವನಿಗೊಬ್ಬ ಚಿಕ್ಕಮ್ಮನೂ ಸಿಕ್ಕಳು. ಇದು ಯಾವುದೂ ಯೋಚಿಸಿ ಮಾಡಿದ್ದಲ್ಲ. ಪಂಪ್‌ಹೌಸಿನ ಒಳಗಿನ ನಕ್ಷೆ ನಾನಿನ್ನೂ ಬರೆದಿರಲಿಲ್ಲ, ಹೊತ್ತು ಕಳೆಯಬೇಕಿತ್ತು.

ಎರಡನೇ ಸೆಷನ್. ಈ ಪಂಪ್‌ಹೌಸಿಗೆ ಶತಮಾನಗಳಿಂದ ಯಾವ ಯಂತ್ರಪೂಜಾರಿಯೂ ಬಂದಿಲ್ಲ, ಆದರೂ ಅದು ಒಂದು ದಿನವೂ ಕೆಟ್ಟಿಲ್ಲ. ಹೇಗೆ ಅಂತ ನೋಡಿಬನ್ನಿ ಎಂದು ಇನ್‌ಕ್ವಿಸಿಟರ್ ಕಳಿಸಿದ್ದಾಳೆ. ಯಂತ್ರಪೂಜಾರಿಯನ್ನು ಆಡುತ್ತಿದ್ದವನು ಪೀಣ್ಯದ ಕಡೆಯ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವವನು. ಕೆಂಪು ಮೇಣದ ಸೀಲ್ ಹಾಕಿದ ಪ್ಯಾನೆಲ್ ನೋಡಿದ್ದೇ ತಡ, ದಾಳ ಎಸೆದ. 17 ಬಿತ್ತು. ಸೀಲ್ ಒಡೆಯಿತು, ಒಳಗೆ ಹಸಿರು ಅಕ್ಷರದ ಪರದೆ. ಮೊದಲು ಒತ್ತಡದ ಅಂಕಿಗಳು ಓಡಿದವು. ಆಮೇಲೆ ಒಂದು ಸಾಲು:

'ಹೊಸಬರು 4 ಜನ. ಎಷ್ಟು ದಿನ ಇರುತ್ತೀರಿ? ಅದಕ್ಕೆ ತಕ್ಕ ಹಾಗೆ ನೀರು ಬಿಡಬೇಕು.'

ನಾನು ಮಾತು ನಿಲ್ಲಿಸಿ ಕಾದೆ. ಈ ಲೋಕ ತಿಳಿದವನಿಗೆ ಎದೆ ಝಲ್ ಅನ್ನಬೇಕಾದ ಸಾಲು ಅದು. ಯಂತ್ರ ಕೇಳಿದ್ದಕ್ಕೆ ಉತ್ತರಿಸಬಹುದು, ತಾನಾಗಿ ಪ್ರಶ್ನೆ ಕೇಳಕೂಡದು.

ಗುಮಾಸ್ತೆ ಅಂದಳು: "ಅಯ್ಯೋ, ಎಷ್ಟು ಒಳ್ಳೇದಿದೆ ಪಾಪ."

ಯಂತ್ರಪೂಜಾರಿ ಅಂದ: "ನಮ್ಮ ರೋಡಿನ ವಾಟರ್‌ಮ್ಯಾನ್ ಒಂದು ದಿನ ಹಿಂಗೆ ಕೇಳಿದ್ದಿದ್ರೆ ಕೈಮುಗಿತಿದ್ದೆ."

ಟೇಬಲ್ ನಕ್ಕಿತು, ನಾನೂ ನಕ್ಕೆ. ಮನೆಗೆ ಹೋಗುವಾಗ ಸಮಸ್ಯೆ ಏನು ಅಂತ ಹೊಳೆಯಿತು. ಲೋಕದ ಪ್ರಕಾರ ಈ ನಾಲ್ವರೂ ಈಗ ಬೆಂಕಿಗೆ ಹೋಗಬೇಕಾದವರು. ಟೇಬಲ್‌ನ ಪ್ರಕಾರ ಯಾರೂ ಏನೂ ತಪ್ಪು ಮಾಡಿಲ್ಲ, ಒಬ್ಬ ಜಾಣ ಎಂಜಿನಿಯರ್ ಮಾಡಬೇಕಾದ್ದನ್ನೇ ಮಾಡಿದ್ದಾನೆ. ಶಿಕ್ಷೆ ಕೊಟ್ಟರೆ ಜಾಣತನಕ್ಕೆ ದಂಡ ಹಾಕಿದಂತೆ. ಬಿಟ್ಟರೆ ಈ ಲೋಕಕ್ಕೂ ಯಾವುದೋ ಸಾಮಾನ್ಯ ರೋಬಾಟ್ ಕಥೆಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಎರಡು ದಡ್ಡ ಪ್ರಯತ್ನ

ಮೂರನೇ ಸೆಷನ್‌ನಲ್ಲಿ ಅಂಕಿಯ ಮೊರೆಹೋದೆ. ಈ ನಿಯಮದಲ್ಲಿ ಭ್ರಷ್ಟತೆಯ ಅಂಕ ಅಂತ ಒಂದಿದೆ. 100 ಮುಟ್ಟಿದರೆ ಆ ಪಾತ್ರ ಕೈಬಿಟ್ಟುಹೋಯಿತು. ಅದು ಮುಖ್ಯವಾಗಿ ಪಿಶಾಚಲೋಕದ ಸಹವಾಸಕ್ಕೆ ಇಟ್ಟ ಅಳತೆ, ಆದರೂ ಎಳೆದುತಂದು ಪರದೆಯ ಜೊತೆ ಮಾತಾಡಿದ್ದಕ್ಕೆ 5 ಹಾಕಿದೆ. "ಐದಾ? ಸರಿ, ಬರ್ಕೋ ಗುರು" ಅಂದ ಯಂತ್ರಪೂಜಾರಿ, ಹೆಲ್ಮೆಟ್ ಹಾಕದೆ ಸಿಕ್ಕಿಬಿದ್ದವನು ರಸೀದಿ ಇಸಕೊಂಡ ಹಾಗೆ. ಮತ್ತೆ ಮಾತಾಡಿದ, ಮತ್ತೆ 5. ದಂಡಕ್ಕೆ ರೇಟು ಗೊತ್ತಾದ ಮೇಲೆ ಅದು ಪಾಪವಾಗಿ ಉಳಿಯುವುದಿಲ್ಲ, ಖರ್ಚಾಗುತ್ತದೆ. ಮನೆಯಲ್ಲಿ ಕೂತು ಲೆಕ್ಕ ಹಾಕಿದೆ: ಇದೇ ದರದಲ್ಲಿ ಅವನು ಇನ್ನೂ 17 ಸಲ ಹರಟೆ ಹೊಡೆಯಬಹುದಿತ್ತು.

ನಾಲ್ಕನೆಯದರಲ್ಲಿ ಉಪದೇಶ ಮಾಡಿಸಿದೆ. ಮಂಗಳದಿಂದ ಒಬ್ಬ ಹಿರಿಯ ಯಂತ್ರಪೂಜಾರಿ ಬರುತ್ತಾನೆ, ಮೈಯಲ್ಲಿ ಮಾಂಸಕ್ಕಿಂತ ತಾಮ್ರ ಹೆಚ್ಚು. ಅವನ ಬಾಯಲ್ಲಿ ಇಡೀ ಚರಿತ್ರೆ ಹೇಳಿಸಿದೆ. ನಿಷಿದ್ಧ ಜ್ಞಾನ ತುಂಬಿದೆ ಅಂತ ಚಕ್ರವರ್ತಿಯೇ ಮುಚ್ಚಿಸಿದ್ದ ಮೊರವೆಕ್‌ನ ಭಂಡಾರವನ್ನು, ಚಕ್ರವರ್ತಿಯ ಮೇಲೇ ದಂಗೆಯೆದ್ದ ಮಗ ಹೋರಸ್‌ನ ಮಾತು ಕೇಳಿ, ಮಂಗಳದ ಮುಖ್ಯಸ್ಥ ಕೆಲ್ಬೋರ್-ಹಾಲ್ ತೆರೆಸಿದ್ದು. ಒಳಗಿನಿಂದ ಹೊಮ್ಮಿದ ಕೊಳೆತ ಕೋಡ್ ಗ್ರಹವಿಡೀ ಹಬ್ಬಿದ್ದು. ಪೂಜಾರಿಗಳು ಎರಡು ಪಾಲಾಗಿ ಒಬ್ಬರನ್ನೊಬ್ಬರು ಕೊಂದಿದ್ದು. ಕಥೆಯೇನೋ ರೋಚಕವೇ. ಆದರೆ 15 ನಿಮಿಷ ನಾನೊಬ್ಬನೇ ಮಾತಾಡಿದೆ. ಪಾದ್ರಿ ಚುರುಮುರಿಯಲ್ಲಿ ಕಡಲೆಬೀಜ ಆರಿಸುತ್ತಿದ್ದ, ಗುಮಾಸ್ತೆ ಫೋನು ನೋಡುತ್ತಿದ್ದಳು. ಕೊನೆಗೆ ಯಂತ್ರಪೂಜಾರಿ ಎದ್ದು ನಿಂತು ಕೈಮುಗಿದ: "ಸ್ವಾಮಿ, ಸೀಲ್ ಒಡೆದಿದ್ದು ನಾನಲ್ಲ, ಮೇಣ ಹಳೇದಾಗಿತ್ತು." ಮತ್ತೆ ನಗು.

ಯಾರೋ ದೊಡ್ಡವರು ಬೇಡ ಅಂದಿದ್ದಾರೆ ಅನ್ನುವುದು ನಮ್ಮಲ್ಲಿ ಯಾರನ್ನು ಯಾವತ್ತು ತಡೆದಿದೆ ಹೇಳಿ.

ಭೂತ ಅಂದರೆ ದೆವ್ವ ಅಲ್ಲ

ಆಟ ತಿರುಗಿದ್ದು ನನ್ನಿಂದಲ್ಲ. ಅದೇ ರಾತ್ರಿ ಚಾಪೆ ಸುತ್ತುವಾಗ ಗುಮಾಸ್ತೆ ಆ ಪರದೆಯನ್ನು 'ಮಷೀನ್ ದೆವ್ವ' ಅಂದಳು, ಪಾದ್ರಿ 'ಯಂತ್ರದ ಭೂತ' ಅಂದ. ಸಿಪಾಯಿ ದಕ್ಷಿಣ ಕನ್ನಡದವನು. ಅಷ್ಟಾಗಿ ಮಾತಾಡುವವನಲ್ಲ.

"ಭೂತ ಅಂದ್ರೆ ದೆವ್ವ ಅಲ್ಲ ಮಾರಾಯ್ರೆ. ಅದಕ್ಕೊಂದು ಜಾಗ ಉಂಟು, ಕಟ್ಟಳೆ ಉಂಟು. ನೀವು ಕೋಲ ಕೊಡ್ಬೇಕು, ಅದು ಊರು ಕಾಯ್ಬೇಕು. ಮಾತು ತಪ್ಪಿದ್ರೆ ಅದು ಕೇಳ್ತದೆ. ಆದ್ರೆ ಅದೂ ಕಟ್ಟಳೆ ದಾಟುವ ಹಾಗಿಲ್ಲ."

ನಾಲ್ಕು ಸೆಷನ್‌ನಿಂದ ನಾನು ಹೇಳಲು ಹೆಣಗುತ್ತಿದ್ದ ಯಂತ್ರಾತ್ಮ ಅದೇ. ಯಂತ್ರಪೂಜೆಯನ್ನು ನಾನು ಆಯುಧಪೂಜೆಯ ಹಾಗೆ ತೋರಿಸಿದ್ದೆ: ಕುಂಕುಮ, ಹೂವು, ಚಕ್ರದ ಕೆಳಗೆ ನಿಂಬೆಹಣ್ಣು. ನಮ್ಮ ಆಯುಧಪೂಜೆಯಲ್ಲಿ ಪೂಜೆಯೂ ರಿಪೇರಿಯೂ ಬೇರೆಬೇರೆ. ಲೇತ್‌ಗೆ ಮಂಗಳಾರತಿ ಎತ್ತಿದ ಕೈಯೇ ಮಾರನೇ ದಿನ ಗೇರ್‌ಬಾಕ್ಸ್ ಬಿಚ್ಚುತ್ತದೆ, ಯಾರಿಗೂ ತಪ್ಪು ಅನ್ನಿಸುವುದಿಲ್ಲ. ಹಾಗಾಗಿ ಟೇಬಲ್‌ಗೆ ಆ ಲೋಕದ ಮಂತ್ರಗಳೆಲ್ಲ ಅಲಂಕಾರವಾಗಿ ಕಂಡಿದ್ದವು.

ಐದನೇ ಸೆಷನ್‌ಗೆ ಒಂದೇ ತಯಾರಿ ಮಾಡಿದೆ. ಫಿಲ್ಟರ್ ತೊಟ್ಟಿ ತೆರೆಯುವ ವಿಧಿಯನ್ನು ನಾಲ್ಕು ಸಾಲಿನಲ್ಲಿ ಬರೆದು, ಚಹಾದ ನೀರಿನಲ್ಲಿ ಕಾಗದ ಅದ್ದಿ ಒಣಗಿಸಿ ಮೇಜಿನ ಮೇಲಿಟ್ಟೆ.

'ಮೊದಲು ಅವಳ ಉಸಿರು ಬಿಡಿಸು, ಕೋಪ ಇಳಿಯಲಿ.
40 ಎಣಿಸು, ನಡುವೆ ಮಾತಾಡಬೇಡ.
ಕೊರಳಿಗೆ ಎಣ್ಣೆ, ಕಾಲಿಗೆ ಎಣ್ಣೆ, ನೆತ್ತಿಗೆ ಮುಟ್ಟಿಸಬೇಡ.
ಬಾಗಿಲು ತೆಗೆವಾಗ ಪಕ್ಕದಲ್ಲಿ ನಿಲ್ಲು, ಎದುರು ನಿಲ್ಲುವವನು ಅಹಂಕಾರಿ.'

ಯಂತ್ರಪೂಜಾರಿ ನಗುತ್ತಲೇ ಓದಲು ಶುರು ಮಾಡಿ ಎರಡನೇ ಸಾಲಿಗೆ ನಿಂತ. "ಲೋ, ಇದು ಪ್ರೆಷರ್ ಬಿಡೋದು. ಗೇಜ್ ಝೀರೋಗೆ ಬರೋವರೆಗೂ ಕಾಯೋದು." ಮೂರನೆಯದಕ್ಕೆ ಬಂದ: "ಕೊರಳು, ಕಾಲು ಬೇರಿಂಗ್. ನೆತ್ತಿ ಮೇಲೆ ರಬ್ಬರ್ ಸೀಲ್ ಇರುತ್ತೆ, ಎಣ್ಣೆ ತಾಗಿದ್ರೆ ಉಬ್ಬಿಬಿಡುತ್ತೆ." ನಾಲ್ಕನೆಯದನ್ನು ವಿವರಿಸಲೇ ಇಲ್ಲ, ತಲೆಯಾಡಿಸಿದ ಅಷ್ಟೇ. ಕಾರ್ಖಾನೆಯಲ್ಲಿ ಹೊಸ ಹುಡುಗರಿಗೆ ಮೊದಲ ದಿನ ಹೇಳುವ ಮಾತಂತೆ ಅದು.

ಆದರೂ ಆಟದಲ್ಲಿ ಅವನ ಪಾತ್ರ ಎಣಿಸುವಾಗ ಮಧ್ಯೆ ಮಾತಾಡಿತು. ಸಿಪಾಯಿ ಏನೋ ಕೇಳಿದ, ಇವನು ಉತ್ತರ ಕೊಟ್ಟ, ಲೆಕ್ಕ ತಪ್ಪಿತು, 30ಕ್ಕೇ ಬಾಗಿಲು ತೆಗೆದ. ಒಳಗಿದ್ದ ಒತ್ತಡ ನುಗ್ಗಿ ಎದುರಿಗೆ ದೀಪ ಹಿಡಿದು ನಿಂತಿದ್ದ ಹುಡುಗನ ತೋಳು ಮುರಿಯಿತು. ನಾನು ಯಾವ ಅಂಕವನ್ನೂ ಹಾಕಲಿಲ್ಲ. "ಹುಡುಗ ಅಳುತ್ತಿಲ್ಲ, ತೋಳು ನೋಡಿಕೊಳ್ಳುತ್ತಿದ್ದಾನೆ" ಅಂದೆ. ಮೇಜಿನ ಮೇಲೆ ಆ ರಾತ್ರಿ ಮೊದಲ ಸಲ ಯಾರೂ ನಗಲಿಲ್ಲ.

ಜಿಎಂಗಳಿಗೆ ಇಲ್ಲೊಂದು ಮಾತು. ಈ ಲೋಕದ ವಿಧಿಗಳನ್ನು ಶುದ್ಧ ಮೂಢನಂಬಿಕೆಯಾಗಿ ಆಡಿಸುವುದು ಸುಲಭ, ತಮಾಷೆಯೂ ಹೌದು, ಆದರೆ ಹಾಗೆ ಮಾಡಿದರೆ ಮುಂದೆ ಅದನ್ನು ಮುರಿಯುವ ಕ್ಷಣಕ್ಕೆ ತೂಕವೇ ಇರುವುದಿಲ್ಲ. ಕನಿಷ್ಠ ಒಂದು ಮಂತ್ರದ ಒಳಗೆ ನಿಜವಾದ ಕೆಲಸ ಅಡಗಿರಲಿ, ಮತ್ತು ಅದನ್ನು ಕಂಡುಹಿಡಿಯುವವರು ಆಟಗಾರರೇ ಆಗಿರಲಿ.

ಆಮೇಲೆ ಪಾದ್ರಿ ಒಂದು ಮಾತು ಅಂದ, ಉಳಿದ ಆಟವೆಲ್ಲ ಅದರ ಮೇಲೆ ನಿಂತಿತು: "ಹಂಗಾದ್ರೆ ಪರದೆಯೊಳಗೆ ಇರೋದು ಭೂತ ಅಲ್ಲ. ಇದಕ್ಕೆ ಯಾವ ಕಟ್ಟಳೆ ಇದೆ?"

ಗುಮಾಸ್ತೆಯ ಪ್ರಶ್ನೆ, ಪೂಜಾರಿಯ ಲೆಕ್ಕ

ಆರನೇ ಸೆಷನ್ ಹೊತ್ತಿಗೆ ಟೇಬಲ್ ಸರಿಯಾಗಿ ಎರಡಾಯಿತು. ಪಾದ್ರಿಗೆ ಅದನ್ನು ಸುಡಬೇಕು. ಸಿಪಾಯಿಗೆ ಚಿಕ್ಕಮ್ಮನ ಬಿಂದಿಗೆ ತುಂಬಬೇಕು. ಗುಮಾಸ್ತೆ ಆ ಗಲಾಟೆಯ ನಡುವೆ ನನ್ನನ್ನು ಕೇಳಿದಳು: "ಇದನ್ನ ತೆಗೆದ್ರೆ ಇದರ ಜಾಗದಲ್ಲಿ ಏನು ಕೂರಿಸ್ತಾರೆ?"

ನನ್ನ ಬಳಿ ಉತ್ತರ ಇರಲಿಲ್ಲ. 10 ನಿಮಿಷ ಬ್ರೇಕ್ ತಗೊಂಡು ಬಾಲ್ಕನಿಗೆ ಹೋದೆ. ಶಾಸ್ತ್ರಸಮ್ಮತವಾದ್ದು ಏನಿದೆ? ಸರ್ವಿಟರ್. ಇಷ್ಟು ವಾಲ್ವ್, ಇಷ್ಟು ಗೇಜ್ ನೋಡಿಕೊಳ್ಳಲು ಒಂದು ಸಾಕಾಗುವುದಿಲ್ಲ. 11 ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎಲ್ಲಿಂದ ತರುತ್ತಾರೆ? ದೂರದಿಂದ ತರಿಸುವ ಖರ್ಚು ಈ ಕೇರಿಗೆ ಯಾರು ಮಾಡುತ್ತಾರೆ, ಇಲ್ಲಿಯವರನ್ನೇ ಹಿಡಿಯುತ್ತಾರೆ. ಒಳಗೆ ಬಂದು ಹಿರಿಯ ಯಂತ್ರಪೂಜಾರಿಯ ದನಿಯಲ್ಲಿ, ಈ ಸಲ ಒಂದೇ ವಾಕ್ಯ ಹೇಳಿದೆ: "ಚಿಂತೆ ಬೇಡ, 11 ತಲೆ ಸಾಕು, ಟೋಕನ್ ಕದ್ದ ಅಪರಾಧಿಗಳ ಪಟ್ಟಿ ಈಗಾಗಲೇ ತರಿಸಿದ್ದೇನೆ."

ಪಟ್ಟಿಯಲ್ಲಿ ಚಿಕ್ಕಮ್ಮ ಇದ್ದಾಳಾ ಅಂತ ಸಿಪಾಯಿ ಕೇಳಿದ. ದಾಳ ಎಸೆಯಲು ಹೇಳಬಹುದಿತ್ತು, ಹೇಳಲಿಲ್ಲ. "ಪಟ್ಟಿ ನಿನ್ನ ಕೈಗೆ ಕೊಟ್ಟಿಲ್ಲ" ಅಂದೆ. ಈಗ ಯೋಚಿಸಿದರೆ ಇಡೀ ಆಟದಲ್ಲಿ ನಾನು ತೆಗೆದುಕೊಂಡ ಒಳ್ಳೆಯ ನಿರ್ಧಾರ ಅದೊಂದೇ. ಚಿಕ್ಕಮ್ಮನ ಹೆಸರು ಇದ್ದಿದ್ದರೆ ಅದು ಸಿಪಾಯಿಯ ಮನೆವಾರ್ತೆಯಾಗುತ್ತಿತ್ತು. ಇಲ್ಲದೆ ಹೋಗಿದ್ದರೆ ಅವನು ನಿರಾಳ. ಗೊತ್ತಿಲ್ಲದ್ದರಿಂದ 11 ತಲೆಯೂ ಅವನದೇ ಆಯಿತು.

ಅಲ್ಲಿಗೆ ಎಲ್ಲರೂ ಪರದೆಯ ಪರ ವಾಲುತ್ತಿದ್ದರು. ಹಾಗೇ ಬಿಟ್ಟಿದ್ದರೆ ನಿಷೇಧ ಕೆಟ್ಟದ್ದು, ಯಂತ್ರ ಒಳ್ಳೆಯದ್ದು ಅನ್ನುವ ನೀತಿಕಥೆಯಾಗಿ ಮುಗಿಯುತ್ತಿತ್ತು. ಎಂಟನೇ ಸೆಷನ್‌ನಲ್ಲಿ ಯಂತ್ರಪೂಜಾರಿಗೆ ಹಳೆಯ ದಾಖಲೆ ಸಿಗುವ ಹಾಗೆ ಮಾಡಿದೆ. ಲಾಗ್ ನೋಡದೆ ಬಿಡುವವನಲ್ಲ ಅವನು, ಅಷ್ಟು ಗೊತ್ತಿತ್ತು. 60 ವರ್ಷದ ಹಿಂದೆ ಒಂದು ಕೇರಿಯಲ್ಲಿ ಸಾಂಕ್ರಾಮಿಕ ಬಂದಿತ್ತು. ಪರದೆ ಆ ಕೇರಿಯ ವಾಲ್ವ್ ಅನ್ನು 9 ದಿನ ಮುಚ್ಚಿತ್ತು. ಹತ್ತನೇ ದಿನ ತೆರೆದಾಗ ಬಳಕೆ ಸೊನ್ನೆ ಅಂತ ದಾಖಲಾಗಿತ್ತು. ಉಳಿದ ಕೇರಿಗಳಿಗೆ ರೋಗ ಹಬ್ಬಲಿಲ್ಲ.

"ಯಾರು ಹೇಳಿದ್ದು ಮುಚ್ಚು ಅಂತ?" ಯಂತ್ರಪೂಜಾರಿ ಕೇಳಿದ. ನನ್ನನ್ನಲ್ಲ, ಪರದೆಯನ್ನು.

'ಯಾರೂ ಹೇಳಲಿಲ್ಲ. ಕೇಳಲು ಯಾರೂ ಇರಲಿಲ್ಲ. ಲೆಕ್ಕ ಸರಿಯಾಗಿತ್ತು.'

ಅವನು ಬಹಳ ಹೊತ್ತು ಸುಮ್ಮನಿದ್ದ. ನಿಜಜೀವನದಲ್ಲಿ ಅವನ ಕಾರ್ಖಾನೆಯಲ್ಲಿ ದೊಡ್ಡ ಮೆಷೀನ್ ನಿಲ್ಲಿಸಬೇಕಾದರೆ ಇಬ್ಬರ ಸಹಿ ಬೇಕಂತೆ. ಆ ಕಾಗದಕ್ಕೆ ಅವನು ಎಷ್ಟೋ ಸಲ ಬೈದುಕೊಂಡಿದ್ದಾನೆ. ಆ ರಾತ್ರಿ ಅವನೇ ಪಾದ್ರಿಯ ಕಡೆ ತಿರುಗಿ "ನೀನು ಹೇಳಿದ್ದು ಸರಿ ಕಣೋ" ಅಂದ. ಸೀಲ್ ಒಡೆದವನೇ ಅದನ್ನು ಸುಡೋಣ ಅನ್ನುತ್ತಿದ್ದ. ಪಾದ್ರಿಯೋ, ಆ 11 ತಲೆಯ ಪಟ್ಟಿ ಕೇಳಿದ ಮೇಲೆ, ಬೆಂಕಿಯ ಮಾತೇ ಎತ್ತುತ್ತಿರಲಿಲ್ಲ. ಇಬ್ಬರೂ ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದು ಕೂತಿದ್ದರು, ದಾರಿಯಲ್ಲಿ ಭೇಟಿಯೂ ಆಗಿರಲಿಲ್ಲ.

ವರದಿ

ಒಂಬತ್ತನೇ ಸೆಷನ್‌ನಲ್ಲಿ ದಾಳ ಮುಟ್ಟಲೇ ಇಲ್ಲ. ಇನ್‌ಕ್ವಿಸಿಟರ್‌ಗೆ ವರದಿ ಕೊಡಬೇಕು. ಒಂದು ಹಾಳೆ, ನಾಲ್ಕು ಸಹಿ. ಬರೆಯುವವಳು ಗುಮಾಸ್ತೆ. ನಾನು ಎದ್ದು ಅಡುಗೆಮನೆಗೆ ಹೋಗಿ ಕಾಫಿ ಮಾಡುತ್ತಾ ನಿಂತೆ. ಒಂದೂಕಾಲು ಗಂಟೆ ವಾದ.

ದಾರಿ ತೋರಿಸಿದ್ದು ಸಿಪಾಯಿ. "ಕಟ್ಟಳೆ ಇಲ್ಲ ಅಂತ ತಾನೆ ನಿಮ್ಮ ತಕರಾರು? ಕಟ್ಟಳೆ ಹಾಕುವ." ಯಂತ್ರಪೂಜಾರಿ ಕಾಗದ ಎಳೆದುಕೊಂಡು ಗೀಚಿದ: ಫಿಲ್ಟರ್, ಒತ್ತಡ, ಔಷಧಿಯ ಪ್ರಮಾಣ ಪರದೆಯ ಕೈಯಲ್ಲೇ ಇರಲಿ. ಕೇರಿಗಳಿಗೆ ನೀರು ಬಿಡುವ ವಾಲ್ವ್‌ಗಳಿಂದ ಅದರ ತಂತಿ ಕತ್ತರಿಸುವುದು. ಒಂದೊಂದಕ್ಕೂ ಸರಪಳಿ ಗಾಲಿ ಕೂರಿಸಿ, ತಿರುಗಿಸುವ ಕೆಲಸ ಆಯಾ ಕೇರಿಯವರಿಗೆ ಕೊಡುವುದು. ಪರದೆ ಹೇಳಬಹುದು, ಮುಚ್ಚುವುದು ಬಿಡುವುದು ಮನುಷ್ಯರು. ಆ ಲೋಕದಲ್ಲಿ ಮಂಗಳದ ಅಪ್ಪಣೆಯಿಲ್ಲದೆ ಯಂತ್ರದ ರಚನೆ ಬದಲಿಸುವುದೂ ದ್ರೋಹವೇ, ಹೇಯಬುದ್ಧಿಯನ್ನು ಉಳಿಸುವುದು ಮೊದಲೇ ದ್ರೋಹ, ಸುಳ್ಳು ವರದಿ ಮೂರನೆಯದು. ಒಂದನ್ನು ಮುಚ್ಚಲು ಹೋಗಿ ಮೂರಾಯಿತಲ್ಲ ಅಂತ ಪಾದ್ರಿ ಹೇಳಿದ. ಯಾರೂ ಇಲ್ಲ ಅನ್ನಲಿಲ್ಲ.

ಗುಮಾಸ್ತೆ ಬರೆದ ವಾಕ್ಯ ಇದು: 'ಯಂತ್ರಾತ್ಮ ಪ್ರಸನ್ನವಾಗಿದೆ. ವಿಧಿಗಳು ಪ್ರಾಚೀನ ಕ್ರಮದಲ್ಲೇ ನಡೆಯುತ್ತಿವೆ. ದೋಷ ಕಂಡುಬರಲಿಲ್ಲ.' ಅವಳು ಸರ್ಕಾರಿ ಕಚೇರಿಯ ಕಾಗದಪತ್ರ ನೋಡಿದವಳು. ಮಧ್ಯದ ವಾಕ್ಯ ನಿಜ, ಎರಡು ಪಕ್ಕದ್ದು ಸುಳ್ಳು, ಹಾಗೆ ಜೋಡಿಸಿದರೆ ಯಾರೂ ಮಧ್ಯದಿಂದ ಆಚೆ ಓದುವುದಿಲ್ಲ ಅಂದಳು. ಮೂವರು ಸಹಿ ಹಾಕಿದರು. ಪಾದ್ರಿ ಹಾಕಲಿಲ್ಲ, ಮೇಣದಬತ್ತಿ ಬಗ್ಗಿಸಿ ಒಂದು ಹನಿ ಬೀಳಿಸಿ ಬೆರಳು ಒತ್ತಿದ. "ನನ್ನ ಹೆಸರು ಬೇಡ, ನನ್ನ ಪಾಲಿರಲಿ" ಅಂದ. ನಿಜವಾದ ಮೇಜಿನ ಮೇಲೆ ನಿಜವಾದ ಮೇಣ. ಮನೆಯವರು ಮಾರನೇ ದಿನ ಚಾಕುವಿನಿಂದ ಕೆರೆದು ತೆಗೆದರಂತೆ.

ನಾಲ್ಕು ಜನಕ್ಕೂ ನಾನು ಭ್ರಷ್ಟತೆಯ ಅಂಕ ಹಾಕಲಿಲ್ಲ, ಮೊದಲು ಹಾಕಿದ್ದನ್ನೂ ಹೊಡೆದುಹಾಕಿದೆ. ಅಲ್ಲಿಂದ ಮುಂದೆ ಅವರಿಗೆ ಅಂಕಕ್ಕಿಂತ ಭಾರದ್ದು ಇತ್ತು: ಪ್ರತಿಯೊಬ್ಬರೂ ಉಳಿದ ಮೂವರನ್ನು ಸುಡಿಸಬಲ್ಲರು, ಅದು ಎಲ್ಲರಿಗೂ ಗೊತ್ತು. ಹತ್ತನೇ ಸೆಷನ್‌ನಲ್ಲಿ ಬೇರೆ ಯಾವುದೋ ಸಣ್ಣ ತನಿಖೆ ನಡೆಯಿತು. ಒಬ್ಬರಿಗೊಬ್ಬರು ಎಷ್ಟು ಮರ್ಯಾದೆಯಿಂದ ಮಾತಾಡುತ್ತಿದ್ದರು ಅಂದರೆ ನನಗೇ ಭಯವಾಯಿತು.

ಹನ್ನೊಂದನೆಯದರಲ್ಲಿ ಇನ್‌ಕ್ವಿಸಿಟರ್ ಕರೆಸಿದಳು. ಮೆಚ್ಚಿದಳು. ಶತಮಾನಗಟ್ಟಲೆ ಕೆಡದೆ ಪ್ರಾಚೀನ ಕ್ರಮದಲ್ಲಿ ನಡೆಯುವ ಪಂಪ್‌ಹೌಸು ಅಪರೂಪ, ಹಾಗಾಗಿ ವರದಿಯನ್ನು ಮಂಗಳಕ್ಕೆ ಕಳಿಸಿದ್ದೇನೆ, ಅವರು ನಕ್ಷೆ ನಕಲು ಮಾಡಿಕೊಳ್ಳಲು ಒಂದು ತಂಡ ಕಳಿಸುತ್ತಿದ್ದಾರೆ, ಇನ್ನೂ 3 ಕಡೆ ಹಾಗೇ ಕಟ್ಟುತ್ತಾರಂತೆ ಅಂದಳು. ಗುಮಾಸ್ತೆ ತಲೆಯ ಮೇಲೆ ಕೈಹೊತ್ತಳು. ಇದನ್ನು ನಾನು ಯೋಜಿಸಿದ್ದಲ್ಲ. ಅವಳ ಮಧ್ಯದ ವಾಕ್ಯ ಓದಿದಾಗ ಹೊಳೆದದ್ದು.

ಯಂತ್ರಪೂಜಾರಿ ಕೊನೆಗೆ ಪಂಪ್‌ಹೌಸಿಗೇ ಹಿಂದಿರುಗಿದ. ತಂಡ ಬರುವ ಮೊದಲು ಪರದೆಯ ಮುಂದೆ ಕೂತು, ಯಾರು ಏನು ಕೇಳಿದರೂ ಯಂತ್ರದ ಬಾಯಾಗಿ ತಾನೇ ಉತ್ತರಿಸುವುದು, ಪರದೆಗೆ ಪ್ರಶ್ನೆ ಕೇಳದಿರಲು ಕಲಿಸುವುದು ಅವನ ಯೋಜನೆ. ಆಟಗಾರ ಪಾತ್ರದ ಹಾಳೆಯನ್ನು ನನಗೆ ಕೊಟ್ಟು, ಮುಂದಿನ ಕಥೆಗೆ ಹೊಸ ಪಾತ್ರ ಮಾಡುತ್ತೇನೆ ಅಂದ. ಅವನು ಪರದೆಗೆ ಕಲಿಸಿದನಾ, ಅದು ಕಲಿಯಿತಾ ಅಂತ ಈಗಲೂ ಕೇಳುತ್ತಾನೆ. ನಾನು ಹೇಳಿಲ್ಲ.

ಇನ್ನೊಂದು ಗುಂಪು

ಇದೇ ಪಂಪ್‌ಹೌಸನ್ನು ಮಾರನೇ ವರ್ಷ ಬೇರೆ ಗುಂಪಿಗೆ ನಡೆಸಿದೆ. ಈ ಸಲ ಎಲ್ಲ ಸಿದ್ಧವಾಗಿತ್ತು: ಚಹಾ ಅದ್ದಿದ ವಿಧಿಯ ಹಾಳೆ, 11 ತಲೆಯ ಪಟ್ಟಿ, 9 ದಿನದ ದಾಖಲೆ. ಇಷ್ಟೆಲ್ಲ ಒಳ್ಳೆಯ ಸರಕು ಕೈಯಲ್ಲಿರುವಾಗ ನೀರಿನ ಕ್ಯೂನಲ್ಲಿ ಒಂದು ಸೆಷನ್ ಯಾಕೆ ಹಾಳು ಮಾಡಬೇಕು ಅಂತ ಅದನ್ನು ಬಿಟ್ಟೆ. ಇನ್‌ಕ್ವಿಸಿಟರ್‌ನ ಪತ್ರದಲ್ಲೇ 'ಹೇಯಬುದ್ಧಿಯ ಶಂಕೆ' ಅಂತ ಬರೆದು, ನೇರವಾಗಿ ಪಂಪ್‌ಹೌಸಿನ ಬಾಗಿಲಲ್ಲಿ ನಿಲ್ಲಿಸಿದೆ.

ಪರದೆ ಪ್ರಶ್ನೆ ಕೇಳಿತು. ಅವರು ಎರಡು ಗ್ರೆನೇಡ್ ಎಸೆದರು. ಆಟ ಶುರುವಾಗಿ 20 ನಿಮಿಷ ಆಗಿತ್ತು. ದಾಖಲೆ, ಪಟ್ಟಿ, ಹಾಳೆ ಎಲ್ಲ ನನ್ನ ಫೈಲಿನಲ್ಲೇ ಉಳಿಯಿತು. ಹೊಗೆ ಇಳಿಯುತ್ತಿದೆ ಅಂತ ನಾನು ವಿವರಿಸುತ್ತಿದ್ದಾಗ ಅವರಲ್ಲೊಬ್ಬ ಚಿಪ್ಸ್ ಪ್ಯಾಕೆಟ್ ಕೆಳಗಿಟ್ಟು ಕೇಳಿದ: "ಒಂದ್ನಿಮಿಷ, ಈ ನೀರು ಯಾರಾದ್ರೂ ಕುಡೀತಿದ್ರಾ?"